ಶೇಂಗಾ ಮತ್ತು ನನ್ನ ಸಿಟ್ಟು

ನನಗೆ ಸಿಟ್ಟು ಬರುವುದು ಕಡಿಮೆ ಎಂದು ನಮ್ಮ ಮನೆಯವರ ನಂಬಿಕೆ. ಬಂದದ್ದನ್ನು ತೋರಿಸುವುದು ಕಡಿಮೆ, ಅಷ್ಟೆ. ಹಾಗಾಗಿ ಹೋದ ಮಳೆಗಾಲದಲ್ಲಿ ಎಂಟನೆಯ ತರಗತಿಯ ನಡುವೆ ಅದು ಹೊರಬಿದ್ದಾಗ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ನಾನೇ.

ಮೈಸೂರಿನಲ್ಲಿ ನಾನು ಓದಿದ್ದು ಗಣಿತ. ಹಿರಿಯೂರಿನ ಹೈಸ್ಕೂಲಿನಲ್ಲಿ ಕಲಿಸುವುದೂ ಅದನ್ನೇ. ಜೀವಶಾಸ್ತ್ರದ ಮೇಷ್ಟ್ರು ರಜೆ ಹಾಕಿದ್ದರಿಂದ ಅವರ ಪಾಠವೂ ನನ್ನ ಪಾಲಿಗೆ ಬಂತು. ಪದವಿ ಇದ್ದವರಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಹೆಡ್‌ಮಾಸ್ಟರರ ಅಭಿಪ್ರಾಯ. ಒಳಗೊಳಗೇ ನನ್ನದೂ ಅದೇ. ‘ತಿನ್ನುವ ಬೇರುಗಳು’ ಎಂದು ಬೋರ್ಡಿನ ಮೇಲೆ ಬರೆದು ಮೂಲಂಗಿ, ಗೆಣಸಿನ ಕೆಳಗೆ ಶೇಂಗಾವನ್ನೂ ಸೇರಿಸಿದೆ. ಮಣ್ಣಿನಡಿ ಸಿಗುವುದು ಬೇರಲ್ಲದೆ ಇನ್ನೇನು?

ಪಕ್ಕದ ಹಳ್ಳಿ ಆದಿವಾಲದಿಂದ ಬರುವ ತಿಪ್ಪಮ್ಮ ಎದ್ದು ನಿಂತಳು. “ಅದು ಬೇರಲ್ಲ ಮಿಸ್, ಕಾಯಿ. ಹೂವಾಗಿ ಆಮೇಲೆ ಮಣ್ಣಿಗಿಳಿತೈತೆ.”

ಹುಡುಗಿಯರು ಕಿಸಕ್ಕೆಂದರು. “ಹೂವು ಮಣ್ಣಿಗಿಳಿಯೋದನ್ನ ಯಾವ ಪುಸ್ತಕದಲ್ಲಿ ಓದಿದೆ? ಆಚೆ ನಿಲ್ಲು” ಎಂದು ಕಿರುಚಿದೆ. ನಿಂತಳು. ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ. “ಇನ್ನ ಬರಾದಿಲ್ಲಂತೆ ಮಿಸ್. ಅವರವ್ವನ ಜೊತೆ ಕಳೆ ಕೀಳಾಕೆ ಹೋಗ್ತಾಳಂತೆ” ಎಂದಳು ಅವಳ ಗೆಳತಿ.

ಉತ್ತರ ತಪ್ಪಾದರೆ ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಹಿಂದಿನಿಂದ ನೋಡಿಕೊಂಡು ಬರುವುದು ಗಣಿತ ಓದಿದವರ ಚಟ. ಸಿಟ್ಟನ್ನೂ ಹಾಗೇ ನೋಡಿದೆ. ಅದರ ಹಿಂದಿನ ಹೆಜ್ಜೆ ಅವಮಾನ. ಅದರ ಹಿಂದೆ, ಗೊತ್ತಿಲ್ಲವೆಂಬುದು ಗೊತ್ತಾಗಿಬಿಡುವ ಭಯ. ಅದಕ್ಕೂ ಹಿಂದೆ, ನಾನು ನೋಡಲೊಲ್ಲದೆ ದಾಟಿಬಂದ ಒಂದು ಸಣ್ಣ ಕುತೂಹಲ: ಹೂವು ನಿಜಕ್ಕೂ ಮಣ್ಣಿಗಿಳಿಯುತ್ತದೆಯೇ? ಅದನ್ನು ಕೇಳುವ ಬದಲು ಹೇಳಿದವಳನ್ನೇ ಆಚೆ ಕಳಿಸಿದ್ದೆ. ಹೋಗಿ ನೋಡಲೇಬೇಕು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಆದಿವಾಲದಲ್ಲಿ ಬಸ್ಸಿಳಿದು ಅವರು ಕಳೆ ಕೀಳುತ್ತಿದ್ದ ಶೇಂಗಾ ಹೊಲ ಹುಡುಕಿದೆ. ತಿಪ್ಪಮ್ಮ ನನ್ನನ್ನು ಕಂಡು ಅವ್ವನ ಬೆನ್ನಿಗೆ ಸರಿದಳು. ನಾನು ವಿಜ್ಞಾನದ ಹುರುಪಿನಲ್ಲಿ ಒಂದು ಗಿಡಕ್ಕೆ ಕೈಹಾಕಿದೆ.

“ಅಯ್ಯೋ, ಕೀಳಬ್ಯಾಡ್ರಿ ಟೀಚರಮ್ಮ! ಸೂಜಿ ಇಳಿಯಾ ಹೊತ್ತು!” ಅವಳವ್ವ ಕೂಗಿಯೇ ಬಿಟ್ಟಳು. ಆಮೇಲೆ ನಕ್ಕಳು. “ಇಷ್ಟೆಲ್ಲಾ ಓದೀರಿ, ಒಂದಿನಾನೂ ಬಗ್ಗಿ ನೋಡಿಲ್ವೇನ್ರಿ? ಕುಂತ್ಕಳ್ರಿ.”

ಕೂತೆ. ಹಳದಿ ಹೂವು ಬಾಡಿದ ಕಡೆಯಿಂದ ಸೂಜಿಯಂಥದೊಂದು ಕೆಳಮುಖವಾಗಿ ಹೊರಟು ಮಣ್ಣನ್ನು ಹೊಕ್ಕಿತ್ತು. ಕೆಲವು ಇನ್ನೂ ದಾರಿಯಲ್ಲಿದ್ದವು. ದಿನವೂ ಹುರಿದು ತಿನ್ನುವ ಕಾಯಿಯ ಈ ಪ್ರಯಾಣ ನನಗೆ ಇಪ್ಪತ್ತನಾಲ್ಕು ವರ್ಷ ಗೊತ್ತಿರಲಿಲ್ಲ.

“ನಾಳೆ ಬಾ” ಎಂದೆ ತಿಪ್ಪಮ್ಮನಿಗೆ.

“ಎಲ್ರೂ ನಗ್ತಾರೆ ಮಿಸ್.”

“ನನ್ನನ್ನು ನೋಡಿ ನಗ್ತಾರೆ. ಬಾ.”

ಸೋಮವಾರ ಬಂದಳು. ಬೇರುಗಳ ಪಟ್ಟಿಯನ್ನು ಮತ್ತೆ ಬರೆದು, ಶೇಂಗಾದ ಮೇಲೆ ಎಲ್ಲರೂ ನೋಡುವಂತೆ ಗೆರೆ ಎಳೆದೆ. “ಇದು ನನ್ನ ತಪ್ಪು. ತಿಪ್ಪಮ್ಮ ಹೇಳಿದ್ದೇ ಸರಿ. ಅವಳನ್ನು ಆಚೆ ನಿಲ್ಲಿಸಿದ್ದು ಇನ್ನೂ ದೊಡ್ಡ ತಪ್ಪು.” ನಕ್ಕರು, ನಾನು ಎಣಿಸಿದ್ದಕ್ಕಿಂತ ಹೆಚ್ಚು. ಕಿವಿ ಬಿಸಿಯಾಯಿತು, ಆದರೂ ಸೀಮೆಸುಣ್ಣವನ್ನು ತಿಪ್ಪಮ್ಮನ ಕೈಗಿಟ್ಟು ಅವಳ ಜಾಗದಲ್ಲಿ, ಕೊನೆಯ ಬೆಂಚಿನಲ್ಲಿ ಹೋಗಿ ಕೂತೆ. ಅಲ್ಲಿಂದ ನನ್ನ ಅಕ್ಷರ ಒಂದೂ ಕಾಣುವುದಿಲ್ಲ ಎಂದು ಆಗ ತಿಳಿಯಿತು. ಆ ಮಂಗಳವಾರದಿಂದ ದಪ್ಪಗೆ ಬರೆಯುತ್ತಿದ್ದೇನೆ.