ಎರಡು ಹಾಡು ಕೂಡುವ ತನಕ

ಬಾಯಿ ತೆರೆದುಕೊಂಡು ಮಲಗಿರುವಾಗ ಯಾರಾದರೂ ಪ್ರಶ್ನೆ ಕೇಳಿದರೆ ಏನು ಉತ್ತರ ಕೊಡುತ್ತೀರಿ?

ನಾನು "ಆಂ" ಅಂದೆ. ಡಾಕ್ಟರು ಅದನ್ನು "ಹೂಂ" ಎಂದು ತಿಳಿದರು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಡೀಜೆ ಕಲಿಯಲು ಹೊರಟದ್ದು ಹೀಗೆ.

ದೀಪಾವಳಿಯ ಮರುವಾರ ನನ್ನ ದವಡೆ ಹಲ್ಲೊಂದು ತಕರಾರು ತೆಗೆಯಿತು. (ಚಕ್ಕುಲಿ ಗಟ್ಟಿಯಾಗಿತ್ತು. ಮಾಡಿದವಳು ನಾನೇ. ಯಾರನ್ನೂ ಬೈಯುವ ಹಾಗಿರಲಿಲ್ಲ.) ಸೊಲ್ಲಾಪುರದಲ್ಲಿ ನಮ್ಮ ಚಾದರದ ಅಂಗಡಿ ಇರುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಅದೇ ಓಣಿಯಲ್ಲಿ ರೇವತಿ ಎಂಬ ಹಲ್ಲಿನ ಡಾಕ್ಟರ್ ಇದ್ದಾರೆ. ನನಗಿಂತ ಬಹಳ ಚಿಕ್ಕವರು. ರೂಟ್ ಕೆನಾಲ್ ಆಗಬೇಕು ಎಂದರು. ಕುರ್ಚಿಯಲ್ಲಿ ಮಲಗಿಸಿದರು. ಕ್ಲಿನಿಕ್ಕಿನಲ್ಲಿ ಸಣ್ಣಗೆ ಹಾಡು ಕೇಳಿಬರುತ್ತಿತ್ತು.

ಇಂಜೆಕ್ಷನ್ನಿನ ಹೆದರಿಕೆಗೆ ಏನಾದರೂ ಮಾತಾಡಬೇಕಿತ್ತು. ಕೇಳಿದೆ: "ಡಾಕ್ಟರ್, ಇದು ಒಂದ ಹಾಡೋ, ಎರಡೋ? ಶುರುವಿಗೆ ಬ್ಯಾರೆ ಇತ್ತು. ಬದ್ಲಾಗಿದ್ದು ಯಾವಾಗ ಅಂತ ತಿಳೀಲೇ ಇಲ್ಲ."

ರೇವತಿ ಸಿರಿಂಜ್ ಹಿಡಿದುಕೊಂಡೇ ನಿಂತುಬಿಟ್ಟರು.

"ಎರಡು ಹಾಡು ಕಾಕು. ನಾನ ಕೂಡ್ಸೀನಿ. ಇಷ್ಟು ದಿನದಾಗ ಕೇಳಿದವ್ರು ನೀವ ಮೊದಲ್ನೇವ್ರು." (ಕಾಕು ಅಂದರೆ ನಮ್ಮ ಕಡೆ ಚಿಕ್ಕಮ್ಮ.)

ಪುಣೆಯಲ್ಲಿ ಕಾಲೇಜು ಓದುವಾಗ ಅವರು ರೆಕಾರ್ಡ್ ಹಚ್ಚುವ ಡೀಜೆ ಆಗಿದ್ದರಂತೆ. ಎರಡು ಪ್ಲೇಯರ್, ಎರಡು ಕರಿ ತಟ್ಟೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ತಾಳಕ್ಕೆ ಸರಿಯಾಗಿ ಸೇರಿಸುವುದು. ಕುಣಿಯುವವರ ಕಾಲು ನಿಲ್ಲಬಾರದು. ಇದಕ್ಕೆ ಬೀಟ್ ಮ್ಯಾಚಿಂಗ್ ಅನ್ನುತ್ತಾರೆ. ಅಷ್ಟರಲ್ಲಿ ನನ್ನ ತುಟಿ ಜೋಮು ಹಿಡಿದಿತ್ತು, ಬಾಯಿ ತುಂಬ ಹತ್ತಿ.

"ಕಲೀತೀರೇನು?" ಅಂದರು ರೇವತಿ.

"ಆಂ."

ಹಲ್ಲಿಗೆ ಟೊಪ್ಪಿಗೆ ಕೂರಿಸಿದ ದಿನ ಅವರು ಪ್ಲೇಯರುಗಳನ್ನು ನಮ್ಮ ಕಾರಿನ ಡಿಕ್ಕಿಯಲ್ಲಿ ಇಡಿಸಿಯೇಬಿಟ್ಟರು. "ಮಗ ಹುಟ್ಟಿದಾಗಿಂದ ಧೂಳ ತಿನ್ನಾಕತ್ತಾವ. ನಿಮ್ಮ ಮನ್ಯಾಗ ಹಾಡ್ಲಿ" ಅಂದರು. ಎಷ್ಟು ಜನ ತಮ್ಮ ಪ್ರೀತಿಯ ವಸ್ತುವನ್ನು ಏನೂ ಬಾರದವರ ಕೈಗೆ ಹೀಗೆ ಕೊಡುತ್ತಾರೆ? ನಾನಾದರೆ ಅಡಿಗೆಮನೆಯ ಮಿಕ್ಸರನ್ನೂ ಕೊಡುವುದಿಲ್ಲ.

ನಮ್ಮ ಮನೆಯವರು ಗಾಬರಿಯಾದರು. ನಮ್ಮೂರಲ್ಲಿ ಡೀಜೆ ಅಂದರೆ ಮೆರವಣಿಗೆಯ ಮುಂದೆ ಟ್ರ್ಯಾಕ್ಟರ್ ಗಾಡಿಯ ಮೇಲೆ ಬರುವ ಸ್ಪೀಕರಿನ ಗೋಡೆ. ಕಿಟಕಿ ಗಾಜು ನಡುಗಬೇಕು, ಎದೆ ಹಾರಬೇಕು.

"ಈ ವಯಸ್ಸಿನಾಗ ಟ್ರ್ಯಾಕ್ಟರ್ ಮ್ಯಾಲ ನಿಂದರಾಕಿ ಏನು?" ಎಂದು ಕೇಳಿದರು.

"ನಿಮ್ಮ ಟಿವಿಗಿಂತ ಸಣ್ಣ ಸೌಂಡ್ ಇಡ್ತೀನಿ" ಅಂದೆ.

ಪಡಸಾಲೆಯ ಮೇಜಿನ ಮೇಲೆ ಸಂಸಾರ ಹೂಡಿದೆ. ಒಂದು ಪ್ಲೇಯರಿಗೆ ರೇವತಿ ಕೊಟ್ಟ ಮರಾಠಿ ಹಾಡಿನ ರೆಕಾರ್ಡ್. ಇನ್ನೊಂದಕ್ಕೆ ತೀರಿಹೋದ ನಮ್ಮ ಮಾವನವರ ಕಪಾಟಿನಲ್ಲಿದ್ದ ಒಂದು ಕನ್ನಡ ಜಾನಪದ ಹಾಡಿನ ರೆಕಾರ್ಡ್. ಹೆಡ್‌ಫೋನ್ ಒಂದೇ ಕಿವಿಗೆ. ಹೊರಗಿನ ಕಿವಿಗೆ ಎಲ್ಲರೂ ಕೇಳುತ್ತಿರುವ ಹಾಡು, ಒಳಗಿನ ಕಿವಿಗೆ ಮುಂದೆ ಬರಬೇಕಾದ ಹಾಡು. ಪಕ್ಕದಲ್ಲೊಂದು ಸಣ್ಣ ಗುಂಡಿ. ಮೇಲೆ ಕೆಳಗೆ ಸರಿಸಿದರೆ ತಟ್ಟೆಯ ವೇಗ ತುಸು ಹೆಚ್ಚು, ತುಸು ಕಡಿಮೆ. ಎರಡೂ ಡೋಲು ಒಟ್ಟಿಗೆ ಬಿದ್ದಾಗ ಎರಡನೆಯ ಹಾಡನ್ನು ಮೆಲ್ಲಗೆ ಹೊರಗೆ ಬಿಡಬೇಕು.

ಹೇಳಲು ಎಷ್ಟು ಸುಲಭ, ಅಲ್ಲವೇ?

ನಿಜ ಹೇಳಬೇಕೆಂದರೆ ನಾವು ಯಾರೂ ಎರಡನ್ನು ಒಟ್ಟಿಗೆ ಕೇಳುವವರಲ್ಲ. ಅಂಗಡಿಯಲ್ಲಿ ಗಿರಾಕಿ ಮಾತಾಡುವಾಗ ನಾನು ಮನಸ್ಸಿನಲ್ಲಿ ನನ್ನ ಮಾತನ್ನು ಮಡಚಿ ಇಟ್ಟುಕೊಳ್ಳುತ್ತಿರುತ್ತೇನೆ. ಒಂದು ಕಿವಿಗೆ ಬಿದ್ದದ್ದು ಇನ್ನೊಂದು ಕಿವಿಯದನ್ನು ನುಂಗಿಹಾಕುತ್ತಿತ್ತು. ತಾಳ ಕೂಡಿತು ಎಂದು ಹೊರಗೆ ಬಿಟ್ಟರೆ ಕಲ್ಲು ಹಾಸಿನ ಮೇಲೆ ಕುದುರೆ ಹಿಂಡು ಓಡಿದ ಸದ್ದು.

ಒಳಕೋಣೆಯಿಂದ ನಮ್ಮ ಅತ್ತೆಯ ದನಿ ಬಂತು. "ಸರೂ, ಒಂದ ಒಳ್ಳಾಗ ಇಬ್ಬರು ಕುಟ್ಟಾಕತ್ತಾರೇನು? ಒಬ್ಬಾಕಿಗೂ ಪಾಳಿ ಗೊತ್ತಿಲ್ಲ."

ಅತ್ತೆಯ ಬಗ್ಗೆ ಒಂದು ಮಾತು. ಎಂಬತ್ತರ ಸಮೀಪದ ಜೀವ, ಮೈಂದರ್ಗಿ ಊರಿನ ಮನೆಮಗಳು. ಮಂಡಿ ನೋವು, ಮೆಟ್ಟಿಲು ಹತ್ತುವಂತಿಲ್ಲ, ಓಣಿಗೆ ಹೋಗುವಂತಿಲ್ಲ. ಅಂದರೆ ನನ್ನ ಗದ್ದಲದಿಂದ ತಪ್ಪಿಸಿಕೊಳ್ಳಲು ಅವರಿಗೆ ದಾರಿಯೇ ಇರಲಿಲ್ಲ. ನಮ್ಮಿಬ್ಬರ ನಡುವೆ ಎಂದೂ ಜಗಳವಿಲ್ಲ. ಮಾತೂ ಇಲ್ಲ. ಗುಳಿಗಿ ತಗೊಂಡ್ರೇನು? ಹೂಂ. ಚಹಾಕ ಸಕ್ಕರಿ ಸಾಕೇನು? ಹೂಂ. ಇಷ್ಟು ವರ್ಷದ ಸಂಸಾರ ಬರೀ "ಹೂಂ"ಗಳ ಮೇಲೆ ನಡೆದಿತ್ತು. ಮರ್ಯಾದೆ ಎಂದು ನಾವಿಬ್ಬರೂ ಅದಕ್ಕೆ ಹೆಸರಿಟ್ಟಿದ್ದೆವು.

ಮಧ್ಯಾಹ್ನ ಅಂಗಡಿಯಿಂದ ಬಂದು ಊಟ ಮುಗಿಸಿ ಹಚ್ಚುತ್ತಿದ್ದೆ. ಕೂಡುತ್ತಿರಲಿಲ್ಲ. ಕೂಡಿದರೂ ಒಂದು ಸಾಲು ಹಾಡುವುದರೊಳಗೆ ಬಿಟ್ಟುಹೋಗುತ್ತಿತ್ತು. ರೇವತಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ.

"ಕಾಕು, ಅವು ಮಷೀನಿನ ಹಾಡಲ್ಲ, ಮನಷ್ಯಾರು ಬಾರಿಸ್ಯಾರ" ಎಂದರು ಅವರು. "ಹುರುಪು ಬಂದ್ರ ಓಡ್ತಾರ, ದಣಿದ್ರ ನಿಧಾನ ಆಗ್ತಾರ. ಒಮ್ಮಿ ಕೂಡ್ಸಿ ಕೈ ಬಿಟ್ರ ಆಗಂಗಿಲ್ಲ. ತಟ್ಟಿ ಅಂಚಿಗಿ ಕೈಬಟ್ಟ ಇಟಗೊಂಡ ಇರಬೇಕು. ಓಡಿದ್ರ ತಡೀರಿ, ಹಿಂದ ಬಿದ್ರ ಸಣ್ಣಂಗ ದೂಡ್ರಿ."

(ಈ ಮಾತನ್ನು ಮದುವೆ ಮಂಟಪದಲ್ಲಿ ಪುರೋಹಿತರೇಕೆ ಹೇಳುವುದಿಲ್ಲವೋ ಕಾಣೆ.)

ಬೆರಳಿಟ್ಟೆ, ದೂಡಿದೆ, ತಡೆದೆ. ಇನ್ನೂ ಕೆಟ್ಟಿತು. ಒಂದು ದಿನ ಸಾಕಾಗಿ ನಮ್ಮದೇ ಅಂಗಡಿಯ ಚಾದರ ತಂದು ಪ್ಲೇಯರಿನ ಮೇಲೆ ಹೊದಿಸಿಬಿಟ್ಟೆ. ಚಾದರ ಹೊದಿಸಿದ ಮೇಲೆ ಮನೆ ಎಷ್ಟು ಶಾಂತವಾಗಿತ್ತು! ರೇವತಿಗೆ ವಾಪಸು ಕೊಡುವಾಗ ಯಾವ ನೆವ ಹೇಳಲಿ ಎಂದು ಯೋಚಿಸತೊಡಗಿದ್ದೆ.

ಒಂದೆರಡು ದಿನ ಹೀಗೇ ಹೋಯಿತು. ಊಟಕ್ಕೆ ಕುಳಿತಾಗ ಅತ್ತೆ ತಾಟಿನಿಂದ ತಲೆ ಎತ್ತದೆಯೇ ಕೇಳಿದರು.

"ಇವತ್ತೂ ಹಚ್ಚಂಗಿಲ್ಲೇನು?"

"ನಿಮಗ ತ್ರಾಸ ಆಗ್ತದಲ್ರೀ ಅತ್ತಿ."

"ಆಗ್ತದ. ಹಚ್ಚಲಿಲ್ಲಂದ್ರ ಇನ್ನಾ ತ್ರಾಸ ಆಗಾಕತ್ತದ. ಇವತ್ತರೆ ಕೂಡ್ತದೋ ಇಲ್ಲೋ ಅಂತ ದಿನಾ ಕಾಯ್ತಿದ್ದೆ. ಈಗ ಮಧ್ಯಾಹ್ನ ಹೊತ್ತ ಹೋಗವಲ್ದು."

ಅವರು ಸಹಿಸಿಕೊಂಡಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಕೇಳುತ್ತಿದ್ದರು. ಎರಡೂ ಒಂದೇ ಅಲ್ಲ.

ಆವತ್ತು ಅವರ ಕುರ್ಚಿ ಪಡಸಾಲೆಗೆ ಬಂತು. ಕಣ್ಣು ಮುಚ್ಚಿ ಕೂರುವರು. "ಮುಂದ ಹೋತು… ಹಿಡಿ… ಹಾಂ… ಈಗ ಹಿಂದ ಬಿತ್ತು." ಅವರಿಗೇನು ತಾಳ ಶಾಸ್ತ್ರ ಗೊತ್ತಿರಲಿಲ್ಲ. ಹಲವು ಸಲ ಅವರೂ ತಪ್ಪುತ್ತಿದ್ದರು. ಆದರೆ ಒಬ್ಬಳೇ ತಪ್ಪುವುದಕ್ಕೂ ಇಬ್ಬರು ಕೂಡಿ ತಪ್ಪುವುದಕ್ಕೂ ಬಹಳ ವ್ಯತ್ಯಾಸವಿದೆ. ತಪ್ಪಿದಾಗ ನಗಲು ಜೊತೆಗೊಬ್ಬರು ಇರುತ್ತಾರೆ.

ರೆಕಾರ್ಡ್ ತಿರುಗಿಸಿ ಹಾಕುವ ಬಿಡುವಿನಲ್ಲಿ ಮಾತು ಶುರುವಾಯಿತು. ಒಂದು ಮಧ್ಯಾಹ್ನ ಅತ್ತೆ ಹೇಳಿದರು: "ನಾ ಈ ಮನಿಗಿ ಬಂದಾಗ ನನಗ ರೊಟ್ಟಿ ಬಡ್ಯಾಕ ಬರ್ತಿದ್ದಿಲ್ಲ. ಅಂಚ ಹರೀತಿತ್ತು, ನಡುವ ಹಸಿ ಉಳೀತಿತ್ತು. ನಮ್ಮತ್ತಿ ಅದನ್ನ ತಿಂದ್ಲು. ಒಂದ ಮಾತು ಅನ್ಲಿಲ್ಲ."

"ನಾ ಬಂದಾಗ ನನ್ನ ರೊಟ್ಟಿ ಹ್ಯಾಂಗ ಇದ್ದುವ್ರಿ?" ಎಂದು ಕೇಳಿದೆ.

"ಹಾಲಾಗ ನೆನಸ್ಕೊಂಡು ತಿಂತಿದ್ದೆ" ಎಂದರು ಅತ್ತೆ.

ನನಗೆ ನೆನಪಿದೆ. ಮದುವೆಯಾದ ಹೊಸತರಲ್ಲಿ ಅತ್ತೆ ದಿನವೂ ಹಾಲು ರೊಟ್ಟಿ ಉಣ್ಣುತ್ತಿದ್ದರು. ಅವರಿಗೆ ಹಾಲೆಂದರೆ ಬಹಳ ಇಷ್ಟ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಎರಡು ಹಾಡು ಒಂದು ಪಲ್ಲವಿಯಷ್ಟು ದೂರ ಜೊತೆಗೆ ನಡೆಯತೊಡಗಿದವು. ಆಗ ಅಕ್ಕಲಕೋಟೆಯಿಂದ ಫೋನು ಬಂತು. ನಮ್ಮ ನಾದಿನಿಯ ಮಗಳು ಅಶ್ವಿನಿಯ ಮದುವೆ. ಅತ್ತೆಗೆ ಮೊದಲ ಮೊಮ್ಮಗಳು. ಹುಡುಗನ ಕಡೆಯವರು ಬಾರ್ಶಿಯವರು, ಮರಾಠಿ ಮನೆ.

"ಮಾಮಿ, ಅರಿಷಿಣ ಹಚ್ಚೂ ಹಳದಿಗಿ ನೀನ ಹಾಡು ಹಚ್ಚು" ಅಂದಳು ಅಶ್ವಿನಿ.

"ಹುಚ್ಚಿ, ನಾ ಇನ್ನಾ ಕಲಿಯಾಕತ್ತೀನಿ. ಫೋನಿನಾಗ ಹಾಡು ಹಚ್ರಿ, ಛಲೋ ಆಗ್ತದ."

"ಎಂಗೇಜ್‌ಮೆಂಟ್‌ನಾಗ ಫೋನ ಹಚ್ಚಿದ್ವಿ ಮಾಮಿ. ಮರಾಠಿ ಹಾಡು ಬಂದ್ರ ಅವ್ರು ಕುಣದ್ರು, ಕನ್ನಡ ಬಂದ್ರ ನಮ್ಮವ್ರು ಕುಣದ್ರು. ನಡುವ ಹಾಡು ನಿಂತ್ರ ಒಂದ ಕಡಿಯವ್ರು ಕುಂತಬಿಡ್ತಾರ. ನನಗ ಅಂಜಿಕಿ ಬರಾಕತ್ತದ. ನಾ ಹೋಗೂದು ಆ ಮನಿಗಿ. ನೀ ನಡುವ ನಿಲ್ಲಸಬ್ಯಾಡ, ಅಷ್ಟ."

ಇದಕ್ಕೆ ಇಲ್ಲ ಅನ್ನಲು ಸಾಧ್ಯವೇ? ಬಾಯಿ ಈ ಸಲ ಖಾಲಿಯೇ ಇತ್ತು. ಆದರೂ "ಹೂಂ" ಅಂದೆ.

ಹಳದಿಯ ದಿನ ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ಪ್ಲೇಯರುಗಳು, ಅವುಗಳ ಪಕ್ಕದಲ್ಲಿ ಅತ್ತೆ. ಉಬ್ಬು ಬಂದಾಗಲೆಲ್ಲ ಅತ್ತೆ ಮಂಡಿಯ ಬದಲು ಪ್ಲೇಯರನ್ನು ಹಿಡಿದುಕೊಳ್ಳುತ್ತಿದ್ದರು.

ಅಕ್ಕಲಕೋಟೆಯ ಮದುವೆ ನಡೆಯುವ ಮಂಗಲ ಕಾರ್ಯಾಲಯದಲ್ಲಿ ಅಶ್ವಿನಿ ಹೇಳಿದ್ದನ್ನು ಕಣ್ಣಾರೆ ಕಂಡೆ. ಎಡಕ್ಕೆ ಅವರ ಕಡೆಯ ಹೆಂಗಸರು, ಬಲಕ್ಕೆ ನಮ್ಮವರು, ನಡುವೆ ಖಾಲಿ ಜಾಗ, ಅದರಲ್ಲಿ ಒಂದು ಮಣೆ, ಮಣೆಯ ಮೇಲೆ ಅಶ್ವಿನಿ. ಇಲ್ಲಿನವರಿಗೆಲ್ಲ ಎರಡೂ ಭಾಷೆ ಬರುತ್ತದೆ. ಸಂತೆಯಲ್ಲಿ ಬರುತ್ತದೆ, ಬಸ್ಸಿನಲ್ಲಿ ಬರುತ್ತದೆ. ಬೀಗರ ಎದುರು ಮಾತ್ರ ನಾಲಿಗೆ ಗಂಟು ಬೀಳುತ್ತದೆ.

ಮರಾಠಿ ಹಾಡು ಹಚ್ಚಿದೆ. ಅವರ ಕಡೆಯವರು ಎದ್ದರು. ಅರಿಷಿಣದ ಕೈ ಮೇಲೆತ್ತಿ ಕುಣಿಯತೊಡಗಿದರು. ನಾನು ಹೆಡ್‌ಫೋನಿನಲ್ಲಿ ಕನ್ನಡ ಹಾಡು ಹುಡುಕಿದೆ. ಮನೆಯ ಪಡಸಾಲೆಯಲ್ಲಿ ಕೇಳಿದಂತೆ ಇಲ್ಲಿ ಕೇಳಲಿಲ್ಲ. ನಗು, ಬಳೆ, ಮಕ್ಕಳ ಅಳು, ಅಡಿಗೆ ಮನೆಯ ಪಾತ್ರೆ. ಕೂಡಿತು ಅನ್ನಿಸಿ ಹೊರಗೆ ಬಿಟ್ಟೆ.

ಕೂಡಿರಲಿಲ್ಲ.

ಎರಡೂ ಹಾಡು ಒಂದರ ಕಾಲು ಒಂದು ತುಳಿದುಕೊಂಡು ಬಿದ್ದವು. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ನಾನು ಎರಡನ್ನೂ ಬಂದ್ ಮಾಡಿದೆ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಅಶ್ವಿನಿ ತಲೆ ತಗ್ಗಿಸಿದಳು. ಯಾವುದು ಆಗಬಾರದೆಂದು ಆ ಹುಡುಗಿ ಬೇಡಿಕೊಂಡಿದ್ದಳೋ ಅದನ್ನೇ ನಾನು ಮಾಡಿದ್ದೆ. ಫೋನಿನಲ್ಲಿ ಹಾಡು ಹಚ್ಚಿರಿ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಹುಡುಗನ ಅಜ್ಜಿ, ಒಂಬತ್ತು ಗಜದ ಸೀರೆಯವರು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಲ್ಲಿಂದಲೇ ಹೇಳಿದರು: "ಪರತ್ ಲಾವಾ ಕೀ ಬಾಯೀ. ಆಮ್ಹಿ ಕುಠಂ ಜಾತೋಯ್?"

ಮತ್ತೆ ಹಚ್ಚಿರಿ ತಾಯಿ, ನಾವೆಲ್ಲಿ ಹೋಗುತ್ತೇವೆ? ಇಷ್ಟೇ ಮಾತು. ಹೇಳಿ ಅವರು ಕೂರಲಿಲ್ಲ. ಅವರು ಕೂರಲಿಲ್ಲವೆಂದು ಬೇರೆಯವರೂ ಕೂರಲಿಲ್ಲ. ಕುಣಿಯಲು ಎದ್ದವರು ಎದ್ದಲ್ಲೇ ನಿಂತು ನನಗಾಗಿ ಕಾದರು.

ಹಾಡು ಮೊದಲಿನಿಂದ ಹಚ್ಚಿದೆ. ಈ ಸಲ ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿದೆ. ತಟ್ಟೆಯ ಅಂಚಿನ ಮೇಲೆ ಬೆರಳು. ಓಡಿತು, ತಡೆದೆ. ಹಿಂದೆ ಬಿತ್ತು, ದೂಡಿದೆ. ಎರಡು ಡೋಲು ಹತ್ತಿರ ಬಂದವು, ಇನ್ನೂ ಹತ್ತಿರ, ಒಂದಾದವು. ಮೆಲ್ಲಗೆ ಹೊರಗೆ ಬಿಟ್ಟೆ.

ಏನಾಯಿತು ಗೊತ್ತೇ? ಏನೂ ಆಗಲಿಲ್ಲ.

ಯಾರೂ ನನ್ನ ಕಡೆ ನೋಡಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮರಾಠಿ ಹಾಡಿಗೆ ಕುಣಿಯುತ್ತಿದ್ದ ಕಾಲುಗಳು ಕನ್ನಡ ಹಾಡಿಗೂ ಕುಣಿಯುತ್ತಲೇ ಇದ್ದವು. ಹಾಡು ಗುರುತು ಹತ್ತಿ ನಮ್ಮ ಕಡೆಯವರು ಎದ್ದು ಬಂದರು. ಖಾಲಿ ಜಾಗ ತುಂಬಿತು. ಬಾರ್ಶಿಯ ಅಜ್ಜಿ ನಮ್ಮ ನಾದಿನಿಯ ಕೈ ಹಿಡಿದು ಫುಗಡಿ ತಿರುಗಿದರು. ಅಶ್ವಿನಿ ಮಣೆಯ ಮೇಲೆ ಕುಳಿತೇ ಭುಜ ಕುಣಿಸುತ್ತಿದ್ದಳು. ಹಾಡು ಯಾವ ಗಳಿಗೆಯಲ್ಲಿ ಬದಲಾಯಿತು ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ಈ ವಿದ್ಯೆಯ ಗತಿಯೇ ಇದು. ಕೆಟ್ಟರೆ ಊರಿಗೆಲ್ಲ ತಿಳಿಯುತ್ತದೆ, ಚೆನ್ನಾಗಿ ಆದರೆ ಯಾರಿಗೂ ತಿಳಿಯುವುದಿಲ್ಲ. (ಮನೆ ನಡೆಸುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಒಬ್ಬರಿಗೆ ಮಾತ್ರ ತಿಳಿಯಿತು.

ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ ಕುಳಿತಿದ್ದರು. ಕೆನ್ನೆಗೆ ಯಾರೋ ಅರಿಷಿಣ ಬಳಿದಿದ್ದರು. ಎಲ್ಲರೂ ಮದುಮಗಳನ್ನು ನೋಡುತ್ತಿದ್ದರೆ ಅವರು ಮಾತ್ರ ನನ್ನನ್ನು ನೋಡುತ್ತಿದ್ದರು. ಆ ನೋಟ ಬಹಳ ಹೊತ್ತು ಹಾಗೇ ಇತ್ತು. ಎಷ್ಟು ಸಲ ಕೆಟ್ಟಿತ್ತು ಎಂದು ಬಲ್ಲವರಿಗೆ ಮಾತ್ರ ಅದು ಕೂಡಿದ್ದರ ಬೆಲೆ ಗೊತ್ತು. ಆಮೇಲೆ ಅವರು ಪಕ್ಕದ ಹೆಂಗಸಿನ ಕಡೆ ಬಾಗಿ ನನ್ನತ್ತ ಬೆರಳು ಮಾಡಿ ಏನೋ ಅಂದರು. ಏನಂದರು ಎಂದು ಊಟದ ಪಂಕ್ತಿಯಲ್ಲಿ ನಾದಿನಿ ಹೇಳಿದಳು. "ಅಕಿ ನಮ್ಮ ಸೊಸಿ" ಅಂದಿದ್ದರಂತೆ.

ಸಂಜೆ ಬೆಳಕಿರುವಾಗಲೇ ಹೊರಟೆವು. ಕುಂಭಾರಿ ಊರು ದಾಟುವಾಗ ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಹತ್ತಿರಬೇಕು ಎಂದುಕೊಂಡೆ. ಧನ್ಯವಾದ ಹೇಳಬೇಕೆನ್ನಿಸಿತ್ತು. ಆದರೆ ಅತ್ತೆಗೆ ಧನ್ಯವಾದ ಹೇಳುವ ಮಾತು ನಮ್ಮ ಆಡುಗನ್ನಡದಲ್ಲಿ ಎಲ್ಲಿದೆ? ಹುಡುಕಿದೆ, ಸಿಗಲಿಲ್ಲ. ಕೊನೆಗೆ, "ನೀವು ಕುಂತ ಕೇಳಿದ್ರಿ ಅಂತ ಬಂತ್ರಿ ಅತ್ತಿ" ಅಂದೆ.

"ಹೂಂ" ಅಂದರು ಅತ್ತೆ. ಪಕ್ಕದ ಪ್ಲೇಯರಿನ ಮೇಲೆ ಕೈಯಿಟ್ಟು, "ನಾಳಿಂದ ಬ್ಯಾರೆ ಹಾಡು ಹಚ್ಚು. ಅವೆರಡು ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡದದ" ಅಂದರು.

ನೀವು ಏನನ್ನಾದರೂ ಕಲಿಯುವಾಗ ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿದವರು ಯಾರು, ಅವರಿಗೆ ಅದನ್ನು ಎಂದಾದರೂ ಹೇಳಿದ್ದೀರಾ?