ಜಯಮ್ಮನ ಹಸುವಿಗೆ ನನ್ನ ಮೌತ್ ಆರ್ಗನ್

ಹಾಲಿನ ಬಕೆಟ್ ದಡಾರನೆ ಉರುಳಿದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕೊರೊನಾ ಕಾಲ. ಕೆ.ಆರ್. ಪೇಟೆಯ ನಮ್ಮ ಟೆರೇಸಿನಲ್ಲಿ ಮೌತ್ ಆರ್ಗನ್ ಊದುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತ ಹಾಬಿ. ತಂಗಿ ತೀರಿಕೊಂಡ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ. ರಸ್ತೆಯಲ್ಲಿ ಆಂಬುಲೆನ್ಸ್ ಹೋಯಿತು. ಇಂಥ ಹೊತ್ತಿನಲ್ಲಿ ಸಂಗೀತವೇ ಎಂದು ನಾಚಿ ನಿಲ್ಲಿಸಿದೆ. ಮರುಕ್ಷಣವೇ ಬಕೆಟ್ ಉರುಳಿತು.

ಬಗ್ಗಿ ನೋಡಿದರೆ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ದಪ್ಪ ಮೀಸೆಯ ಪುಟ್ಟೇಗೌಡರು ಹೆಂಡತಿ ಜಯಮ್ಮನ ಹೂವಿನ ಸೀರೆ ಸುತ್ತಿಕೊಂಡು ಕೂತಿದ್ದರು! ಜಯಮ್ಮ ಆಸ್ಪತ್ರೆಯಲ್ಲಿದ್ದರು. ಅವರ ಸೀರೆ ಕಾಣದಿದ್ದರೆ ಹಸು ಯಾರಿಗೂ ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ.

“ಯಾಕ್ ನಿಲ್ಲಿಸ್ಬುಟ್ರಿ ಮೇಡಂ? ಸೀರೆ ಉಟ್ರೂ ಒದೀತದೆ. ನೀವು ಊದ್ತಿದ್ರೆ ಸುಮ್ಕೆ ನಿಂತ್ಕತದೆ!”

“ನನ್ನದು ಬರೀ ರಾಂಗ್ ನೋಟ್ಸ್, ಗೌಡ್ರೇ.”

“ಅಸೂಗೇನ್ ಗೊತ್ತಾಯ್ತದೆ? ಊದಿ!”

ಅಷ್ಟು ದಿನಗಳ ಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕೆ. ಜಯಮ್ಮ ಗುಣವಾಗಿ ಬರುವವರೆಗೂ ಒಂದು ಸಂಜೆಯೂ ತಪ್ಪಿಸದೆ ಊದಿದೆ. ನನ್ನ ಅರೆಬರೆ ವಿದ್ಯೆಗೂ ಕಾದು ನಿಲ್ಲುವ ಒಂದು ಜೀವವಿತ್ತಲ್ಲ, ಥ್ಯಾಂಕ್ ಗಾಡ್.

ಜಯಮ್ಮನನ್ನು ಕೊನೆಯ ಸಲ ನೋಡಿದ್ದು ಅವರು ಸಂತೆಬಾಚಹಳ್ಳಿಗೆ ಮನೆ ಬದಲಾಯಿಸಿದ ದಿನ. ಗೂಡ್ಸ್ ಗಾಡಿ ಹತ್ತಲು ಹಸು ಹೆದರಿತು. ಜಯಮ್ಮ ಅದೇ ಹೂವಿನ ಸೀರೆಯಲ್ಲಿ ಅದರ ಕೊರಳು ತಬ್ಬಿ ನಿಂತು, ನಮ್ಮ ಟೆರೇಸಿನತ್ತ ತಲೆಯೆತ್ತಿದರು. ನಾನು ಊದತೊಡಗಿದೆ. ಗಾಡಿ ತಿರುವು ದಾಟುವವರೆಗೂ ನಿಲ್ಲಿಸಲಿಲ್ಲ.