ಪ್ರಾರ್ಥನೆಯ ಪಟ್ಟಿಯಿಂದ ಬಿಟ್ಟುಹೋದ ದೇವಪುತ್ರಪ್ಪ

ಶಹಾಪುರದ ತಹಸೀಲ ಕಚೇರಿಯ ಚಪರಾಸಿ ದೇವಪುತ್ರಪ್ಪ ಕ್ರಿಸ್ಮಸ್ ಒಂದು ಬಿಟ್ಟರೆ ಹನ್ನೆರಡು ವರ್ಷ ಚರ್ಚಿನ ಹೊಸ್ತಿಲು ತುಳಿದವನಲ್ಲ. ಆದರೂ ಆ ಸಭೆಯಲ್ಲಿ ಅವನಷ್ಟು ಹೆಸರಾದವರು ಇನ್ನೊಬ್ಬರಿರಲಿಲ್ಲ. ನಿಜಾಮರ ಕಾಲದಲ್ಲಿ ಕಚೇರಿಗೆ ರಜೆ ಶುಕ್ರವಾರ, ಚರ್ಚಿನಲ್ಲಿ ಆರಾಧನೆ ಭಾನುವಾರ. ಆರಾಧನೆಯ ಕೊನೆಗೆ ಸಭೆಯ ಹಿರಿಯ ತಿಮ್ಮಣ್ಣ ಪ್ರಾರ್ಥನೆಯ ಪಟ್ಟಿ ಓದುತ್ತಿದ್ದ. ಯಾರಿಗೆ ಜ್ವರ, ಯಾರ ಮನೆಯಲ್ಲಿ ಹೆರಿಗೆ, ಯಾರು ಹೊಳೆ ದಾಟಿ ಪರವೂರಿಗೆ ಹೋಗಿದ್ದಾರೆ ಎಲ್ಲ ಮುಗಿದು, ಕಟ್ಟಕಡೆಗೆ ಕಚೇರಿಯ ಕೆಲಸದಿಂದ ಬರಲಾರದ ದೇವಪುತ್ರಪ್ಪನ ಹೆಸರು ಬರುತ್ತಿತ್ತು. ಅವನಿಗೆ ಭಾನುವಾರ ಬಿಡುವು ಸಿಗಲೆಂದು ಸಭೆಗೆ ಸಭೆಯೇ ಬೇಡಿಕೊಳ್ಳುತ್ತಿತ್ತು.

ನಿಜ ಹೇಳಿಬಿಡುತ್ತೇನೆ. ಒಂದು ತಾಸು ಬಿಡಿ ಎಂದು ಕೇಳಿದ್ದರೆ ಕಚೇರಿಯ ಸಾಹೇಬರು ಇಲ್ಲವೆನ್ನುತ್ತಿರಲಿಲ್ಲ. ದೇವಪುತ್ರಪ್ಪ ಕೇಳಲಿಲ್ಲ. ಕೇಳಿ, ಸಿಕ್ಕಿಬಿಟ್ಟರೆ ಏನು ಗತಿ? ಹೆಂಡತಿ ಸೂಗಮ್ಮ ಆರಾಧನೆ ಮುಗಿಸಿ ಕಚೇರಿಗೆ ಬಂದು, ಇವತ್ತೂ ಹೆಸರು ಓದಿದರು ಎಂದು ವರದಿ ಒಪ್ಪಿಸಿದಾಗ ಅವನ ಎದೆ ಎರಡು ಬೆರಳು ಅಗಲವಾಗುತ್ತಿತ್ತು. ವಾರವಿಡೀ "ಏ ಚಪರಾಸಿ" ಎಂದು ಕೂಗಿಸಿಕೊಳ್ಳುವವನಿಗೆ, ಅರವತ್ತು ಜನ ಕಣ್ಣು ಮುಚ್ಚಿ ತನ್ನ ಪೂರ್ತಿ ಹೆಸರು ಕೇಳುತ್ತಾರೆಂಬುದು ಸಣ್ಣ ಮಾತಲ್ಲ.

ಅಷ್ಟರಲ್ಲಿ ನಿಜಾಮರ ರಾಜ್ಯವೇ ಹೋಯಿತು. ಹಿಂದೆಯೇ ಕಚೇರಿಯ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಬಂತು. ಊರವರು ಇದಕ್ಕೆಲ್ಲ ದಿಲ್ಲಿಯ ಫೌಜು ಕಾರಣ ಎಂದರು. ಹೆಂಗಸರ ಪ್ರಾರ್ಥನಾ ಕೂಟ ನಡೆಸುವ ಮುದುಕಿ ಸಾಯಬಮ್ಮ ಇದನ್ನು ಸುತರಾಂ ಒಪ್ಪಲಿಲ್ಲ. ಫೌಜು ದುಡಿದದ್ದು ಐದು ದಿನ, ತಾವು ಮೊಣಕಾಲೂರಿದ್ದು ಹನ್ನೆರಡು ವರ್ಷ ಎಂಬುದು ಅವಳ ವಾದ.

"ಈ ದೇವಪುತ್ರಪ್ಪನ ಸಲುವಾಗಿ ದೇವರು ಇಡೀ ಸರ್ಕಾರಾನೇ ಬದಲ ಮಾಡ್ಯಾನ," ಎಂದು ಬಾವಿಕಟ್ಟೆಯಲ್ಲಿ ಸಾರಿದಳು.

ಇನ್ನು ತಪ್ಪಿಸಿಕೊಳ್ಳುವುದು ಹೇಗೆ? ಮೊದಲ ಭಾನುವಾರ ದೇವಪುತ್ರಪ್ಪ ಒಗೆದ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕುಳಿತ. ತಿಮ್ಮಣ್ಣ ಪಟ್ಟಿ ಓದಿದ. ಗೋಗಿ ಹಳ್ಳಿಯ ಭಾಗಮ್ಮನ ಹಲ್ಲುನೋವಿನವರೆಗೆ ಬಂದು ಕಾಗದ ಮಡಚಿಬಿಟ್ಟ. ದೇವಪುತ್ರಪ್ಪ ಕಣ್ಣು ಮುಚ್ಚಿಕೊಂಡು ಕಾದೇ ಕಾದ. ಆಮೇಲೆ ವಿಚಾರಿಸಿದರೆ, ಬೇಡಿದ್ದು ಸಿಕ್ಕಮೇಲೆ ಹೆಸರು ಹೊಡೆದುಹಾಕುವುದೇ ಪದ್ಧತಿ ಎಂದ ತಿಮ್ಮಣ್ಣ. ಮನೆಗೆ ಹೋಗುವ ದಾರಿಯುದ್ದಕ್ಕೂ ದೇವಪುತ್ರಪ್ಪನಿಗೆ ಅಳು ಬಂದಂತಾಗಿತ್ತು.

ಮತ್ತೆ ಪಟ್ಟಿಗೆ ಸೇರಿಸಲಿ ಎಂದು ಮರುವಾರ ಮೊಣಕಾಲು ನೋವೆಂದು ಹೇಳಿಕಳಿಸಿದ. ಸಾಯಬಮ್ಮ ಶನಿವಾರವೇ ಬಿಸಿ ಔಡಲೆಣ್ಣೆಯೊಂದಿಗೆ ಹಾಜರಾದಳು. ಚೆನ್ನಾಗಿದ್ದ ಕಾಲು ಅವಳು ತಿಕ್ಕಿದ ತಿಕ್ಕಿಗೆ ನಿಜವಾಗಿಯೂ ನೋಯತೊಡಗಿತು; ಗುಣವಾಯಿತೆಂದು ಕೂಗಿಕೊಂಡೇ ಅವನು ಪಾರಾದ. ಇನ್ನೊಂದು ವಾರ ತನ್ನ ಆಡನ್ನು ತಾನೇ ವಡಗೇರಾ ದಾರಿಯ ಹೊಲದಲ್ಲಿ ಕಟ್ಟಿಬಂದು, ಕಳೆದಿದೆ ಎಂದ. ಸಭೆಯ ಗಂಡಸರು ಆರಾಧನೆಗೆ ಮುಂಚೆಯೇ ಹುಡುಕಿ ತಂದು ಚರ್ಚಿನ ಕಿಟಕಿಗೆ ಕಟ್ಟಿದರು. ಪಾದ್ರಿಯವರ ಪ್ರಸಂಗ ಮುಗಿಯುವವರೆಗೆ ಆಡು ಅರಚಿತು. ಕೊನೆಗೆ ತನ್ನ ನಂಬಿಕೆಯೇ ಅಲುಗಾಡುತ್ತಿದೆ ಎಂದುಬಿಟ್ಟ. ಅದನ್ನು ಗಟ್ಟಿ ಮಾಡಲು ಪಾದ್ರಿಯವರು ಬಂದು ಮೂರು ದಿನ ಅವನ ಮನೆಯಲ್ಲೇ ಉಳಿದರು. ನಂಬಿಕೆ ಗಟ್ಟಿಯಾಯಿತು, ಎರಡು ಕೋಳಿ ಖರ್ಚಾದವು, ಹೆಸರು ಮಾತ್ರ ಪಟ್ಟಿಗೆ ಬರಲಿಲ್ಲ.

ಹೀಗಿರಲು ತಿಮ್ಮಣ್ಣನ ಕಣ್ಣಿಗೆ ಪೊರೆ ಬಂತು. ಅಕ್ಷರ ಬಲ್ಲವನೆಂದು ಪಟ್ಟಿ ಓದುವ ಕೆಲಸ ದೇವಪುತ್ರಪ್ಪನ ಪಾಲಿಗೆ ಬಂತು. ಎದ್ದು ನಿಂತು ಓದಿದ. ಕೊನೆಯ ಹೆಸರಾದ ಮೇಲೆ ಕಾಗದ ಖಾಲಿ. ಆದರೂ ಅವನ ಬಾಯಿ ನಿಲ್ಲಲಿಲ್ಲ.

"ಮತ್ತ, ದೇವಪುತ್ರಪ್ಪ."

ಸಾಯಬಮ್ಮ ಒಂದು ಕಣ್ಣು ತೆರೆದು, ಅವನಿಗೇನಾಗಿದೆ ಎಂದು ಕೇಳಿದಳು. ಕಾಲು, ಆಡು, ನಂಬಿಕೆ ಎಲ್ಲವೂ ಮುಗಿದಿದ್ದವು. ಹೇಳಲು ಸುಳ್ಳೇ ಉಳಿದಿರಲಿಲ್ಲ.

"ಏನೂ ಆಗಿಲ್ರಿ ಆಯಿ. ಬರಲಾರದಾಗ ವಾರಾವಾರ ನನ್ನ ಹೆಸರು ಓದ್ತಿದ್ರಿ. ಈಗ ಬರಾಕತ್ತೀನಿ, ಯಾರೂ ಓದವಲ್ರು."

ಮುದುಕಿ ಇನ್ನೊಂದು ಕಣ್ಣನ್ನೂ ತೆರೆದಳು.

"ಐವತ್ತು ವರ್ಷ ಮಂದಿ ಹೆಸರು ಹಿಡದು ಬೇಡಿಕೊಂಡೀನಿ," ಎಂದಳು. "ನನ್ನ ಹೆಸರು ಒಂದು ಸಲಾನೂ ಯಾರೂ ಓದಿಲ್ಲ. ನಂದೂ ಓದಪ್ಪ."

ಅವನು ಓದಿದ. ಹಿಂದಿನಿಂದ ಯಾರೋ ತಮ್ಮದೂ ಎಂದರು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ತಿಮ್ಮಣ್ಣ ತನ್ನ ಹೆಸರನ್ನು ಎರಡು ಸಲ ಓದಿಸಿಕೊಂಡ. ಗೋಗಿಯವರ ಬಸ್ಸು ತಪ್ಪಿತು, ಹೊತ್ತು ನೆತ್ತಿಗೆ ಬಂತು. ಎಲ್ಲ ಮುಗಿಯಿತು ಎನ್ನುವಾಗ ಪಾದ್ರಿಯವರು ಹತ್ತಿರ ಬಂದು, ತಮ್ಮದೊಂದು ಉಳಿಯಿತು ಎಂದು ಕಿವಿಯಲ್ಲಿ ಹೇಳಿದರು. ಅದನ್ನೂ ಓದಿದ.

ಗೆದ್ದವನ ಗತ್ತಿನಲ್ಲಿ ಮನೆಗೆ ಬಂದು ಊಟಕ್ಕೆ ಕುಳಿತ. ಸೂಗಮ್ಮ ಬಡಿಸುತ್ತಿದ್ದಳು. ಸೌಟು ಕೆಳಗಿಟ್ಟು ಅಂದಳು.

"ಊರ ಮಂದಿದೆಲ್ಲಾ ಓದಿದ್ರಿ. ನಂದೊಂದು ಬಿಟ್ರಿ."

ದೇವಪುತ್ರಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಎದ್ದು, ಕೈ ತೊಳೆದು, ಚರ್ಚಿನಲ್ಲಿ ನಿಂತ ಹಾಗೆಯೇ ಒಲೆಯ ಮುಂದೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ಪಕ್ಕದ ಮನೆಗೂ ಕೇಳಿಸುವಂತೆ ಅವಳ ಹೆಸರನ್ನು ತವರೂರಿನ ಸಮೇತ ಓದಿದ.